ಉಬ್ಬಸದ ಪಂಪೂ ಅರೆತಲೆನೋವಿನ ಗುಳಿಗೆಯೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಔಷಧದ ಮಾತೇಕೆ, ಅದನ್ನು ವೈದ್ಯಕೀಯ ಕಾಲೇಜಿನವರು ಬರೆದುಕೊಳ್ಳಲಿ ಎಂದು ಶೀರ್ಷಿಕೆಯನ್ನು ಓದಿದೊಡನೆ ಕೆಲವರಿಗಾದರೂ ತೋರದಿರದು. ನಾನು ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ವಿದ್ಯಾರ್ಥಿ. ವೈದ್ಯಶಾಸ್ತ್ರಕ್ಕೂ ನನಗೂ ಇರುವ ನಂಟು ರೋಗಿಗೂ ದವಾಖಾನೆಯ ಬಾಗಿಲಿಗೂ ಇರುವಷ್ಟೇ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಔಷಧವನ್ನು ಬರೆದುಕೊಡುವವರು ವೈದ್ಯರು, ನುಂಗುವವರು ನಾವು. ಒಬ್ಬ ವೈದ್ಯರು ಕೊಟ್ಟ ಚೀಟಿಯನ್ನು ಇನ್ನೊಬ್ಬ ವೈದ್ಯರ ಮೇಜಿನ ಮೇಲೆ ಇಡಬೇಕಾದವರೂ ನಾವೇ. ಆ ಎರಡು ಚೀಟಿಗಳು ಒಂದನ್ನೊಂದು ನೋಡದೆ ಹೋದರೆ ಏನಾಗಬಹುದೆಂಬುದನ್ನು ತಿಳಿಯಲು ಯಾವ ಪದವಿಯೂ ಬೇಕಾಗಿಲ್ಲ.

ನಾನು ಹೇಳಹೊರಟಿರುವುದು ಎರಡು ಬೇನೆಗಳ ವಿಚಾರ. ಒಂದು, ಪುಸ್ತಕದ ಭಾಷೆಯಲ್ಲಿ ಉಬ್ಬಸ ಅಥವಾ ಅಸ್ತಮಾ ಎನ್ನಿಸಿಕೊಳ್ಳುವ, ನಮ್ಮ ಸುರಪುರ-ಶಹಾಪುರದ ಕಡೆಯವರು ದಮ್ಮು ಎನ್ನುವ ಬೇನೆ. ಇನ್ನೊಂದು ಅರೆತಲೆನೋವು, ಅಂದರೆ ಮೈಗ್ರೇನ್. ಇವೆರಡೂ ಅಪರೂಪದವಲ್ಲ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷಗಳ ಕಾಲ ಲೆಕ್ಕವಿಟ್ಟು ನೋಡಿದರು. ೧೯೭೯ರಲ್ಲಿ ನೂರಕ್ಕೆ ೯ ಮಕ್ಕಳಲ್ಲಿದ್ದ ಉಬ್ಬಸ ೧೯೯೯ರ ಹೊತ್ತಿಗೆ ೨೯.೫ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಊರಿನ ಎಲ್ಲ ಮಕ್ಕಳದ್ದಲ್ಲ ಎಂಬುದನ್ನು ಮರೆಯಬಾರದು. ಅರೆತಲೆನೋವಿನ ವಿಷಯದಲ್ಲಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರದಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ೨,೩೨೯ ಜನ ವಯಸ್ಕರನ್ನು ಕೇಳಿದರು. ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ೨೫ ಮಂದಿಗೆ ಅರೆತಲೆನೋವು ಬಂದುಹೋಗಿತ್ತು. ಅವರಲ್ಲಿ ಹೆಂಗಸರೇ ಹೆಚ್ಚು. ಇಷ್ಟು ಜನಕ್ಕೆ ಇದೂ, ಅಷ್ಟು ಜನಕ್ಕೆ ಅದೂ ಇರುವಾಗ ಎರಡೂ ಒಂದೇ ದೇಹದಲ್ಲಿ ಸೇರಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ಮೊದಲು ದಮ್ಮಿನ ವಿಚಾರ. ನಾವು ಒಳಗೆಳೆದುಕೊಂಡ ಉಸಿರು ಗಂಟಲಿನಿಂದ ಇಳಿದು, ಮರದ ಕೊಂಬೆ ರೆಂಬೆಗಳಂತೆ ಕವಲೊಡೆಯುತ್ತ ಹೋಗುವ ಶ್ವಾಸನಾಳಗಳ ಮೂಲಕ ಪುಪ್ಪುಸವನ್ನು ಸೇರುತ್ತದೆ. ಈ ಸಣ್ಣ ನಾಳಗಳ ಸುತ್ತ ತೆಳುವಾದ ಸ್ನಾಯುವಿನ ಪಟ್ಟಿಗಳಿವೆ. ದಮ್ಮಿನವರಲ್ಲಿ ನಾಳದ ಒಳಮೈ ಬಾತಿರುತ್ತದೆ. ಜೊತೆಗೆ ಧೂಳೋ ಹೊಗೆಯೋ ಚಳಿಗಾಳಿಯೋ ತಾಕಿದೊಡನೆ ಈ ಪಟ್ಟಿಗಳು ಹಗ್ಗ ಬಿಗಿದಂತೆ ಬಿಗಿದುಕೊಳ್ಳುತ್ತವೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟವಾಗುತ್ತದೆ. ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳುತ್ತದೆ. ನಮ್ಮೂರು ತಿಂಥಣಿ, ಕೃಷ್ಣಾ ನದಿಯ ದಂಡೆಯ ಮೇಲಿನದು. ಮೌನೇಶ್ವರರ ಜಾತ್ರೆಗೆ ಗಾಡಿ, ಟ್ರಾಕ್ಟರು, ಕಾಲ್ನಡಿಗೆಯ ಜನ ಸೇರಿ ಎಬ್ಬಿಸುವ ಧೂಳನ್ನು ಕಂಡವರಿಗೆ, ತೊಗರಿ ರಾಶಿ ಮಾಡುವಾಗ ಹಾರುವ ಹೊಟ್ಟನ್ನು ಕಂಡವರಿಗೆ, ದಮ್ಮಿನವರು ಆ ದಿನಗಳಲ್ಲಿ ಮನೆಯ ಮೂಲೆ ಹಿಡಿಯುವುದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿಗಿದ ಪಟ್ಟಿಯನ್ನು ಸಡಿಲಿಸುವ ಔಷಧವೇ ಪಂಪಿನೊಳಗಿರುವುದು. ಈ ಪಂಪಿನ ಹುಟ್ಟಿನ ಕಥೆ ಸೊಗಸಾಗಿದೆ. ಹಿಂದೆ ಗಾಜಿನ ಬುರುಡೆಗೆ ರಬ್ಬರಿನ ಉಂಡೆಯನ್ನು ಕಟ್ಟಿ, ಅದನ್ನು ಒತ್ತಿ ಒತ್ತಿ ಔಷಧದ ಹನಿಗಳನ್ನು ಬಾಯಿಗೆ ಸಿಂಪಡಿಸಿಕೊಳ್ಳಬೇಕಾಗಿತ್ತು. ಅಮೆರಿಕೆಯ ರೈಕರ್ ಔಷಧ ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಮೈಸನ್ ಎಂಬಾತನ ಹದಿಮೂರು ವರ್ಷದ ಮಗಳು ದಮ್ಮಿನವಳು. ಕೂದಲಿಗೆ ಹೊಡೆಯುವ ಸುಗಂಧ ಡಬ್ಬಿಯಿಂದ ಬುಸ್ಸೆಂದು ಬರುವಂತೆ ನನ್ನ ಔಷಧವೂ ಏಕೆ ಬರಬಾರದೆಂದು ಆಕೆ ತಂದೆಯನ್ನು ಕೇಳಿದಳಂತೆ. ಒತ್ತಿದರೆ ಅಳತೆಮಾಡಿದಷ್ಟೇ ಔಷಧವನ್ನು ಬಿಡುವ ಪಂಪು ೧೯೫೬ರಲ್ಲಿ ಮಾರುಕಟ್ಟೆಗೆ ಬಂದಿತು. ಮಕ್ಕಳ ಪ್ರಶ್ನೆಗೆ ಬೈದು ಬಾಯಿ ಮುಚ್ಚಿಸುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು.

ಇನ್ನು ಅರೆತಲೆನೋವು. ಇದನ್ನು ಬರಿಯ ತಲೆನೋವೆಂದು ತಳ್ಳಿಹಾಕುವವರು ಅನುಭವಿಸದವರು. ತಲೆಯ ಒಂದು ಮಗ್ಗುಲಲ್ಲಿ ನಾಡಿ ಬಡಿದಂತೆ ನೋವು, ವಾಕರಿಕೆ, ವಾಂತಿ, ಬೆಳಕನ್ನೂ ಸದ್ದನ್ನೂ ತಾಳಲಾರದ ಸ್ಥಿತಿ. ನಾಲ್ಕು ಗಂಟೆಯಿಂದ ಮೂರು ದಿನಗಳವರೆಗೂ ಇರಬಹುದು. ಇದಕ್ಕೆ ಕೊಡುವ ಔಷಧಗಳಲ್ಲಿ ಎರಡು ಬಗೆ. ನೋವು ಬಂದಾಗ ಅದನ್ನು ಅಡಗಿಸಲು ನುಂಗುವಂಥವು ಕೆಲವು. ನೋವು ಪದೇಪದೇ ಬಾರದಂತೆ ದಿನವೂ ನುಂಗತಕ್ಕವು ಬೇರೆ ಕೆಲವು. ನನ್ನ ಕಥೆಯ ಮುಖ್ಯ ಪಾತ್ರ ಎರಡನೆಯ ಗುಂಪಿನಲ್ಲಿದೆ. ಅದರ ಹೆಸರು ಪ್ರೊಪ್ರನೊಲಾಲ್.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ; ಇತಿಹಾಸದ ವಿದ್ಯಾರ್ಥಿಗೆ ಅಷ್ಟು ಸಲಿಗೆಯನ್ನು ಕೊಡಬೇಕು. ಭಯವಾದಾಗ, ಓಡುವಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಉಕ್ಕುತ್ತದೆ. ಅದು ಎದೆಬಡಿತವನ್ನು ಏರಿಸುತ್ತದೆ. ಅದೇ ಹೊತ್ತಿನಲ್ಲಿ ಶ್ವಾಸನಾಳಗಳನ್ನು ಹಿಗ್ಗಿಸುತ್ತದೆ. ಒಂದೇ ರಸ ಒಂದು ಕಡೆ ಬಿಗಿಯನ್ನೂ ಇನ್ನೊಂದು ಕಡೆ ಸಡಿಲವನ್ನೂ ಹೇಗೆ ಉಂಟುಮಾಡುತ್ತದೆ? ಅಮೆರಿಕೆಯ ರೇಮಂಡ್ ಆಲ್ಕ್ವಿಸ್ಟ್ ೧೯೪೮ರಲ್ಲಿ ಇದಕ್ಕೊಂದು ಉತ್ತರ ಕೊಟ್ಟನು. ಜೀವಕೋಶಗಳ ಮೈಮೇಲೆ ಬೀಗದ ಕಂಡಿಗಳಂತಹ ಗ್ರಾಹಿಗಳಿವೆ, ಅವು ಎರಡು ಜಾತಿಯವು, ಆಲ್ಫಾ ಮತ್ತು ಬೀಟಾ ಎಂದನು. ಮೊದಮೊದಲು ಅವನ ಮಾತಿಗೆ ಹೆಚ್ಚು ಜನ ಕಿವಿಗೊಡಲಿಲ್ಲ. ಕಿವಿಗೊಟ್ಟವನೊಬ್ಬ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಹೃದಯದ ಬೀಟಾ ಬೀಗದೊಳಗೆ ಹೊಕ್ಕು ಕುಳಿತು, ತಾನೂ ತೆರೆಯದೆ ಅಡ್ರಿನಲಿನ್ನಿಗೂ ತೆರೆಯಗೊಡದೆ ಇರುವ ಒಂದು ಮೊಂಡು ಕೀಲಿಕೈಯನ್ನು ಮಾಡಿದರೆ ಎದೆಶೂಲೆಯ ರೋಗಿಯ ಹೃದಯಕ್ಕೆ ವಿಶ್ರಾಂತಿ ದೊರೆಯಬಹುದಲ್ಲವೆ ಎಂದು ಅವನು ಯೋಚಿಸಿದನು. ಆ ಮೊಂಡು ಕೀಲಿಕೈಯೇ ೧೯೬೪ರ ಸುಮಾರಿಗೆ ಬಳಕೆಗೆ ಬಂದ ಪ್ರೊಪ್ರನೊಲಾಲ್. ಬ್ಲ್ಯಾಕನಿಗೆ ೧೯೮೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹೃದಯಕ್ಕೆಂದು ಹುಟ್ಟಿದ ಈ ಔಷಧ ತಲೆನೋವಿಗೆ ಬಂದುದು ಆಕಸ್ಮಿಕವಾಗಿ. ೧೯೬೬ರಲ್ಲಿ ಎದೆಶೂಲೆಯ ರೋಗಿಗಳ ಮೇಲೆ ಇದನ್ನು ಪರೀಕ್ಷಿಸುತ್ತಿದ್ದಾಗ ಒಬ್ಬ ರೋಗಿಯ ಅರೆತಲೆನೋವು ತಾನಾಗಿಯೇ ತಗ್ಗಿತು. ಔಷಧದ ಬದಲು ಸುಳ್ಳು ಗುಳಿಗೆ ಕೊಟ್ಟಾಗ ಮರಳಿ ಬಂದಿತು. ಅಲ್ಲಿಂದ ಮುಂದೆ ನಡೆದ ಪ್ರಯೋಗಗಳಿಂದ ಪ್ರೊಪ್ರನೊಲಾಲ್ ಅರೆತಲೆನೋವನ್ನು ತಡೆಯುವ ಔಷಧಗಳಲ್ಲಿ ಮುಂದಿನ ಸಾಲಿಗೆ ಬಂದಿತು. ಒಳ್ಳೆಯ ಔಷಧ, ಬೆಲೆಯೂ ಕಡಿಮೆ. ನನ್ನ ಮಾತಿನಿಂದ ಅದನ್ನು ಯಾರೂ ವಿಷವೆಂದು ತಿಳಿಯಬಾರದು.

ತೊಡಕಿರುವುದು ಬೇರೆ ಕಡೆ. ೧೯೬೭ರಲ್ಲಿ ಬೀಟಾ ಬೀಗಗಳಲ್ಲಿಯೂ ಎರಡು ಒಳಜಾತಿಗಳಿವೆಯೆಂದು ಗೊತ್ತಾಯಿತು: ಒಂದನೆಯದು ಮುಖ್ಯವಾಗಿ ಹೃದಯದಲ್ಲಿ, ಎರಡನೆಯದು ಶ್ವಾಸನಾಳದ ಸ್ನಾಯುವಿನಲ್ಲಿ. ಇಂಗ್ಲೆಂಡಿನ ವೇರ್ ಎಂಬ ಊರಿನಲ್ಲಿದ್ದ ಅಲೆನ್ ಅಂಡ್ ಹ್ಯಾನ್‌ಬರೀಸ್ ಪ್ರಯೋಗಶಾಲೆಯಲ್ಲಿ ಡೇವಿಡ್ ಜ್ಯಾಕ್ ಎಂಬಾತನ ತಂಡದವರು ಈ ಎರಡನೆಯ ಬೀಗವನ್ನೇ ಆರಿಸಿಕೊಂಡು ತೆರೆಯುವ ಕೀಲಿಕೈಯನ್ನು ಮಾಡಿದರು. ೧೯೬೯ರಲ್ಲಿ ಮಾರುಕಟ್ಟೆಗೆ ಬಂದ ಅದು ಸಾಲ್ಬುಟಮಾಲ್. ಇಂದು ದಮ್ಮಿನವರ ಕಿಸೆಯಲ್ಲಿರುವ, ಉಸಿರು ಕಟ್ಟಿದಾಗ ತೆಗೆಯುವ ಪಂಪಿನಲ್ಲಿರುವುದು ಇದೇ.

ಈಗ ಎರಡು ಕೀಲಿಕೈಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಪಂಪಿನ ಕೀಲಿಕೈ ಶ್ವಾಸನಾಳದ ಬೀಗವನ್ನು ತೆರೆಯತಕ್ಕದ್ದು. ಪ್ರೊಪ್ರನೊಲಾಲ್ ಹೃದಯದ ಬೀಗವೆಂದೂ ಶ್ವಾಸನಾಳದ ಬೀಗವೆಂದೂ ಭೇದವೆಣಿಸದೆ ಎರಡರಲ್ಲಿಯೂ ಹೊಕ್ಕು ಕುಳಿತುಕೊಳ್ಳತಕ್ಕದ್ದು. ಇದರ ಪರಿಣಾಮ ಇಮ್ಮಡಿ. ದಮ್ಮಿನವರ ನಾಳಗಳು ಅಷ್ಟಿಷ್ಟು ತೆರೆದುಕೊಂಡಿರುವುದು ಅವರ ದೇಹದ ಸ್ವಂತ ಅಡ್ರಿನಲಿನ್ನಿನ ಕೃಪೆಯಿಂದ. ಆ ಕೃಪೆ ತಪ್ಪಿ ಉಸಿರು ಬಿಗಿಯುತ್ತದೆ. ಬಿಗಿದಾಗ ಪಂಪು ಒತ್ತಿದರೆ ಔಷಧ ಬಾಗಿಲವರೆಗೆ ಹೋಗಿ, ಕಂಡಿಯಲ್ಲಿ ಮೊದಲೇ ಇನ್ನೊಂದು ಕೀಲಿಕೈ ಸಿಕ್ಕಿಕೊಂಡಿರುವುದರಿಂದ, ಕೆಲಸವಾಗದೆ ಹಿಂದಿರುಗುತ್ತದೆ. ಅಂದರೆ ಗುಳಿಗೆ ರೋಗವನ್ನೂ ಕೆರಳಿಸುತ್ತದೆ, ಮದ್ದಿನ ಕೈಯನ್ನೂ ಕಟ್ಟಿಹಾಕುತ್ತದೆ. ದಮ್ಮಿನವರಿಗೆ ಪ್ರೊಪ್ರನೊಲಾಲ್ ಅಪಾಯಕರವೆಂದು ೧೯೬೪ರಷ್ಟು ಹಿಂದೆಯೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಇದು ಹೊಸ ಸಂಶೋಧನೆಯೇನೂ ಅಲ್ಲ. ಎಲ್ಲ ವೈದ್ಯರೂ ಓದಿರುವ ಸಂಗತಿ. ಹಾಗಿದ್ದರೆ ಅನಾಹುತ ಹೇಗಾಗುತ್ತದೆ? ನಮ್ಮ ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ.

ನಮ್ಮ ವೈನಿ ನಮ್ಮವ್ವನ ತಮ್ಮನ ಮಗಳು. ಸಣ್ಣವಳಿದ್ದಾಗಿನಿಂದ ದಮ್ಮು ಇದೆ; ಪಂಪು ಟ್ರಂಕಿನಲ್ಲಿ ಸೀರೆಯ ಮಡಿಕೆಯ ಕೆಳಗಿರುತ್ತಿತ್ತು. ಎರಡು ವರ್ಷಗಳಿಂದ ಅರೆತಲೆನೋವು ಗಂಟುಬಿದ್ದು ತಿಂಗಳಿಗೆ ಐದಾರು ದಿನ ಏಳದಂತೆ ಮಾಡುತ್ತಿತ್ತು. ಪೇಟೆಯ ಒಬ್ಬ ವೈದ್ಯರ ಬಳಿಗೆ ನಮ್ಮವ್ವನೇ ಕರೆದುಕೊಂಡು ಹೋದಳು. ಅವರು ಸಾವಧಾನವಾಗಿಯೇ ಕೇಳಿದರಂತೆ: “ಮತ್ತೇನಾರ ತ್ರಾಸ ಐತೇನಮ್ಮಾ? ಬ್ಯಾರೆ ಔಷಧ ತಗೋತೀಯೇನು?” ವೈನಿ ಬಾಯಿ ತೆರೆಯುವ ಮೊದಲೇ ನಮ್ಮವ್ವ, “ಏನಿಲ್ರೀ ಸಾಹೇಬ್ರ, ತಲಿನೋವು ಒಂದಾ” ಎಂದಳು. ಕಾರಣವೇನೆಂದರೆ, ಅದೇ ಬೆಂಚಿನ ಮೇಲೆ, ನನ್ನ ತಂಗಿಯನ್ನು ನೋಡಲು ಬರಬೇಕಾಗಿದ್ದ ಮನೆತನದ ಊರಿನವರೊಬ್ಬರು ಕುಳಿತಿದ್ದರು. ಸೊಸೆಗೆ ದಮ್ಮು ಎಂದರೆ ಸೊಸೆ ತವರಿನವಳೇ ಆದುದರಿಂದ ವಂಶದಲ್ಲೇ ದಮ್ಮು ಎಂದಾಗುತ್ತದೆ. ವೈನಿಯೂ ಸುಮ್ಮನಾದಳು. ಅತ್ತೆ ಇಲ್ಲವೆಂದ ಮೇಲೆ ಸೊಸೆ ಇದೆಯೆನ್ನುವುದು ನಮ್ಮ ಕಡೆ ಅಷ್ಟು ಸುಲಭವಲ್ಲ. ವೈದ್ಯರು ಪ್ರೊಪ್ರನೊಲಾಲ್ ೪೦ ಮಿಲಿಗ್ರಾಮಿನ ಗುಳಿಗೆಯನ್ನು ಮುಂಜಾನೆ ಒಂದು, ರಾತ್ರಿ ಒಂದು ಎಂದು ಬರೆದುಕೊಟ್ಟರು.

ಮೂರನೆಯ ದಿನ ರಾತ್ರಿ ಊಟವಾದ ಮೇಲೆ ಎದೆ ಬಿಗಿಯತೊಡಗಿತು. ಎರಡು ಸಲ ಪಂಪು ಒತ್ತಿಕೊಂಡಳು, ಬಿಗಿತ ಇಳಿಯಲಿಲ್ಲ. ಮತ್ತೆ ಎರಡು, ಮತ್ತೆ ಎರಡು. ಪಂಪು ಖಾಲಿಯಾಗಿದೆಯೆಂದು ಅಣ್ಣ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿದ, ತುಂಬಿತ್ತು. ಮಾತು ಪೂರ್ತಿಯಾಡಲು ಉಸಿರು ಸಾಲದೆ ಅವಳು ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ ಕುಳಿತುದನ್ನು ಕಂಡು, ಪಕ್ಕದ ಮನೆಯವರ ಜೀಪಿನಲ್ಲಿ ದೊಡ್ಡ ದವಾಖಾನೆಗೆ ಒಯ್ದೆವು. ಅಲ್ಲಿಯ ಸರ್ತಿಯ ವೈದ್ಯೆ ಆಮ್ಲಜನಕ ಕೊಡಿಸುತ್ತಲೇ ಕೇಳಿದ ಮೊದಲ ಮಾತು, “ಹೊಸದಾಗಿ ಏನು ಗುಳಿಗೆ ಶುರುವಾಗಿದೆ?” ಎಂದು. ಅಣ್ಣನ ಅಂಗಿಯ ಕಿಸೆಯಲ್ಲಿ ಚೀಟಿಯಿತ್ತು. ಓದಿ ನೋಡಿದವರೇ ಮುಖವಾಡದ ಯಂತ್ರದಲ್ಲಿ ಬೇರೊಂದು ಔಷಧವನ್ನೂ ಸೇರಿಸಲು ಹೇಳಿದರು, ಚುಚ್ಚುಮದ್ದೂ ಆಯಿತು. ಬೆಳಗಿನ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂದಿತು. ಗುಳಿಗೆ ನಿಂತಿತು. ರಕ್ತದಲ್ಲಿರುವ ಪ್ರೊಪ್ರನೊಲಾಲ್ ಹೆಚ್ಚುಕಡಿಮೆ ಒಂದು ದಿನದಲ್ಲಿ ಇಳಿದುಹೋಗುತ್ತದೆ.

ಆ ಬೇರೊಂದು ಔಷಧ ಯಾವುದು, ಬೀಗ ಮುಚ್ಚಿರುವಾಗ ಅದು ಒಳಗೆ ಹೋದುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದು ಇಪ್ರಟ್ರೋಪಿಯಂ. ಶ್ವಾಸನಾಳದ ಸ್ನಾಯುವಿಗೆ ಇನ್ನೊಂದು ಬಾಗಿಲೂ ಇದೆ. ನರದಿಂದ ಬರುವ ಬಿಗಿದುಕೋ ಎಂಬ ಅಪ್ಪಣೆ ಆ ಬಾಗಿಲಿನಿಂದ ಒಳಹೋಗುತ್ತದೆ. ಇಪ್ರಟ್ರೋಪಿಯಂ ಆ ಅಪ್ಪಣೆಯನ್ನು ತಡೆಯುತ್ತದೆ. ಬೀಟಾ ಬೀಗದ ಗೊಡವೆಯೇ ಅದಕ್ಕಿಲ್ಲ. ಸ್ವಾರಸ್ಯವೇನೆಂದರೆ ಇದರ ಮೂಲಪುರುಷ ಅಟ್ರೊಪೀನ್. ಅದು ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ದತ್ತೂರಿಯಲ್ಲಿಯೂ ಇದೆ. ದತ್ತೂರಿಯ ಹೊಗೆಯನ್ನು ದಮ್ಮಿಗೆ ಸೇದುವುದು ನಮ್ಮ ದೇಶದ ಹಳೆಯ ರೂಢಿ. ೧೮೦೨ರ ಸುಮಾರಿಗೆ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಆ ರೂಢಿಯನ್ನು ಮದರಾಸಿನಿಂದ ಬ್ರಿಟನ್ನಿಗೆ ಒಯ್ದನು. ಇದನ್ನೋದಿ ಯಾರೂ ದತ್ತೂರಿಯನ್ನು ಹುಡುಕಿಕೊಂಡು ಹೋಗಬಾರದು. ಒಂದು ಎಲೆಗೂ ಇನ್ನೊಂದು ಎಲೆಗೂ ವಿಷದ ಪ್ರಮಾಣ ಬೇರೆಬೇರೆ. ಹುಚ್ಚು ಹಿಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ಅಳತೆಯಿಲ್ಲದ ಔಷಧಕ್ಕೂ ಅಳತೆಯುಳ್ಳದ್ದಕ್ಕೂ ಇರುವ ಅಂತರ ಅದೇ.

ಔಷಧದ ಹೆಸರನ್ನು ಗುರುತಿಸುವುದು ಹೇಗೆ? ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಉದಾಹರಣೆಗೆ ನಮ್ಮ ದೇಶದ ಸಿಪ್ಲಾ ಸಂಸ್ಥೆ ಸಾಲ್ಬುಟಮಾಲ್ ಪಂಪನ್ನು ಆಸ್ತಾಲಿನ್ ಎಂದೂ ಪ್ರೊಪ್ರನೊಲಾಲ್ ಗುಳಿಗೆಯನ್ನು ಸಿಪ್ಲಾರ್ ಎಂದೂ ಮಾರುತ್ತದೆ. ಆ ಹೆಸರುಗಳಿಂದ ಎರಡಕ್ಕೂ ಇರುವ ವೈರ ಯಾರಿಗೂ ಹೊಳೆಯದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಮೂಲ ಔಷಧದ ಹೆಸರನ್ನು ನೋಡಬೇಕು. ಬೀಟಾ ಬೀಗವನ್ನು ಮುಚ್ಚುವ ಗುಳಿಗೆಗಳ ಹೆಸರು ಸಾಮಾನ್ಯವಾಗಿ ‘ಲಾಲ್’ ಎಂದು ಮುಗಿಯುತ್ತದೆ: ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್, ಟಿಮೊಲಾಲ್. ಸಾಲ್ಬುಟಮಾಲ್, ಪ್ಯಾರಾಸಿಟಮಾಲ್ ಎಂಬವು ‘ಮಾಲ್’ ಎಂದು ಮುಗಿಯುವುದರಿಂದ ಕಿವಿಗೆ ಒಂದೇ ಬಗೆಯಾಗಿ ಕೇಳಿದರೂ ಅವು ಬೇರೆ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬವು ಹೃದಯದ ಬೀಗವನ್ನೇ ಹೆಚ್ಚಾಗಿ ಹಿಡಿಯುತ್ತವಾದರೂ ಪ್ರಮಾಣ ಏರಿದಂತೆ ಅವುಗಳ ಪಕ್ಷಪಾತ ಕಡಿಮೆಯಾಗುತ್ತದೆ; ದಮ್ಮಿನವರಿಗೆ ಅವನ್ನು ಕೊಡಬಹುದೇ ಎಂಬುದನ್ನು ವೈದ್ಯರೇ ತೂಗಿನೋಡಬೇಕು. ಟಿಮೊಲಾಲ್ ಕಣ್ಣಿನ ಒತ್ತಡಕ್ಕೆ ಹಾಕುವ ಹನಿ. ಕಣ್ಣಿಗೆ ಬಿಟ್ಟ ಹನಿ ಮೂಗಿನ ಮೂಲಕ ರಕ್ತಕ್ಕೆ ಸೇರಿ ಅಜ್ಜನ ದಮ್ಮನ್ನು ಕೆರಳಿಸಬಲ್ಲದೆಂದರೆ ನಂಬುವುದು ಕಷ್ಟ. ಆದರೆ ಅದು ನಿಜ.

ಇಷ್ಟು ಕೇಳಿದವರು ದಮ್ಮಿರುವವರಿಗೆ ಅರೆತಲೆನೋವಿನ ಔಷಧವೇ ಇಲ್ಲವೇನೋ ಎಂದು ಕಂಗೆಡಬೇಕಾಗಿಲ್ಲ. ಡೇವಿಡ್ ಜ್ಯಾಕನ ಹೆಸರನ್ನು ಮೇಲೆ ಹೇಳಿದೆನಷ್ಟೆ. ಮುಂದೆ ಗ್ಲಾಕ್ಸೊ ಸಂಸ್ಥೆಯ ಸಂಶೋಧನೆಗೆ ಅವನೇ ಮುಖ್ಯಸ್ಥನಾಗಿದ್ದಾಗ ಅಲ್ಲಿ ಪ್ಯಾಟ್ರಿಕ್ ಹಂಫ್ರಿ ಎಂಬಾತನ ತಂಡ ಸುಮಾಟ್ರಿಪ್ಟಾನ್ ಎಂಬ ಔಷಧವನ್ನು ಕಂಡುಹಿಡಿಯಿತು. ೧೯೯೧ರಲ್ಲಿ ಬಳಕೆಗೆ ಬಂದ ಇದು ನೋವು ಬಂದಾಗ ನುಂಗುವಂಥದು. ಇದರ ಬೀಗವೇ ಬೇರೆ, ಸಿರೊಟೊನಿನ್ ಎಂಬ ರಸದ್ದು. ಆದುದರಿಂದ ಪಂಪಿನೊಡನೆ ಇದಕ್ಕೆ ಜಗಳವಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಂತೆ ಎರಡೂ ಇರಬಲ್ಲವು. ಆದರೆ ಒಂದು ಎಚ್ಚರಿಕೆ. ಸುಮಾಟ್ರಿಪ್ಟಾನ್ ನುಂಗಿದ ಕೆಲವರಿಗೆ ಎದೆ, ಕುತ್ತಿಗೆ ಬಿಗಿದಂತಾಗುವುದುಂಟು. ದಮ್ಮಿನವರು ಅದನ್ನು ದಮ್ಮೆಂದೇ ಬಗೆದು ಪಂಪನ್ನು ಮೇಲಿಂದ ಮೇಲೆ ಒತ್ತಿಕೊಂಡರೆ ಕೈನಡುಕ, ಎದೆಬಡಿತ ಹೆಚ್ಚಿ ಇನ್ನಷ್ಟು ಗಾಬರಿಯಾಗುತ್ತದೆ. ಸಿಳ್ಳೆಯಂಥ ಸದ್ದಿದೆಯೇ, ಉಸಿರು ಬಿಡುವುದು ಕಷ್ಟವೇ ಎಂದು ನೋಡಬೇಕು. ಹೃದಯದ ಬೇನೆಯಿದ್ದವರಿಗೆ ಈ ಔಷಧ ಸಲ್ಲದು; ಅವರ ಎದೆಬಿಗಿತವನ್ನು ಹಗುರವಾಗಿ ನೋಡಲೂ ಬಾರದು.

ಕಿರಾಣಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವ ತಲೆನೋವಿನ ಗುಳಿಗೆಗಳ ಮೇಲೆ ನನಗೆ ಹೆಚ್ಚು ಸಂಶಯ. ಪ್ರೌಢ ವಯಸ್ಸಿನ ದಮ್ಮಿನ ರೋಗಿಗಳಲ್ಲಿ ನೂರಕ್ಕೆ ಸುಮಾರು ೭ ಮಂದಿಗೆ ಆಸ್ಪಿರಿನ್ ಆಗದು. ಮೂಗಿನೊಳಗೆ ಮಾಂಸ ಬೆಳೆದವರಲ್ಲಿ ಇದು ಇನ್ನೂ ಹೆಚ್ಚು. ಆಸ್ಪಿರಿನ್ನಿನ ಬಳಗದ ಐಬುಪ್ರೊಫೆನ್, ಡೈಕ್ಲೊಫೆನಾಕ್, ನೆಪ್ರಾಕ್ಸೆನ್ ಕೂಡ ಅವರಿಗೆ ಆಗುವುದಿಲ್ಲ. ನುಂಗಿದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಗಳೊಳಗೆ ಮೂಗು ಸೋರಿ, ಕಣ್ಣು ಕೆಂಪಾಗಿ, ಎದೆ ಬಿಗಿಯುತ್ತದೆ. ಇಲ್ಲಿ ಪಂಪಿನ ಬೀಗ ಮುಚ್ಚುವುದಿಲ್ಲ, ಪಂಪು ಕೆಲಸಮಾಡುತ್ತದೆ. ಆದರೆ ಬೆಂಕಿ ಹೊತ್ತಿಸಿ ನೀರು ಹೊಯ್ಯುವ ಕೆಲಸ ಯಾರಿಗೆ ಬೇಕು? ಮಿತವಾದ ಪ್ಯಾರಾಸಿಟಮಾಲ್ ಇಂಥವರಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಆಸ್ಪಿರಿನ್ ನುಂಗಿ ಏನೂ ಆಗದ ದಮ್ಮಿನವರೇ ಬಹುಮಂದಿ ಎಂಬುದನ್ನೂ ಹೇಳಬೇಕು. ಯಾವ ನೋವಿನ ಗುಳಿಗೆಯೇ ಆಗಲಿ, ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತ ಹೋದರೆ ಗುಳಿಗೆಯಿಂದಲೇ ತಲೆನೋವು ಹುಟ್ಟಿಕೊಳ್ಳುತ್ತದೆ.

ದಮ್ಮಿಗೆ ನಮ್ಮ ಕಡೆ ಪಂಪಿಗಿಂತ ಗುಳಿಗೆಯನ್ನೇ ನೆಚ್ಚುವವರು ಬಹಳ. ಆ ಗುಳಿಗೆಗಳಲ್ಲಿ ಥಿಯೊಫಿಲಿನ್ ಇರುವುದುಂಟು. ಅದು ಚಹಾ ಕಾಫಿಗಳಲ್ಲಿರುವ ಕೆಫೀನಿನ ಖಾಸಾ ಸಂಬಂಧಿ. ಅರೆತಲೆನೋವಿನ ಕೆಲವು ಗುಳಿಗೆಗಳಲ್ಲಿ ಎರ್ಗಟಮಿನ್ ಜೊತೆಗೆ ಕೆಫೀನನ್ನೂ ಬೆರೆಸಿರುತ್ತಾರೆ. ಎರಡೂ ಕೂಡಿದರೆ ನಿದ್ರೆಗೆಟ್ಟು ಕೈ ನಡುಗಿ ಎದೆ ಡವಗುಟ್ಟುತ್ತದೆ. ಪ್ರೊಪ್ರನೊಲಾಲ್ ಇಲ್ಲಿಯೂ ತನ್ನ ಕೈಚಳಕ ತೋರದೆ ಬಿಡುವುದಿಲ್ಲ: ಥಿಯೊಫಿಲಿನ್ ದೇಹದಿಂದ ಹೊರಹೋಗುವುದನ್ನು ನಿಧಾನಗೊಳಿಸಿ ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತದೆ. ಅರೆತಲೆನೋವನ್ನು ತಡೆಯಲು ಕೊಡುವ ಫ್ಲುನರಿಜಿನ್, ಟೊಪಿರಮೇಟ್ ಮುಂತಾದವು ಶ್ವಾಸನಾಳದ ತಂಟೆಗೆ ಬರುವುದಿಲ್ಲ. ಅವಕ್ಕೆ ಅವುಗಳದೇ ಆದ ದೋಷಗಳಿವೆ. ಫ್ಲುನರಿಜಿನ್ನಿನಿಂದ ನಿದ್ರೆ ಬರುತ್ತದೆ, ಮೈ ಬರುತ್ತದೆ. ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರಲ್ಲಿ ಸಾಲ್ಬುಟಮಾಲ್ ಎದೆಬಡಿತವನ್ನು ತುಸು ಹೆಚ್ಚಿಸಬಹುದೆಂದು ಎಚ್ಚರಿಸುತ್ತಾರೆ. ಪಂಪು ಹೆಚ್ಚಾಗಿ ಒತ್ತಿಕೊಂಡವರಿಗೆ ಅದರಿಂದಲೇ ತಲೆನೋವು ಬರುವುದೂ ಉಂಟು. ಬರಿಯ ಸಾಲ್ಬುಟಮಾಲನ್ನೇ ನೆಚ್ಚಿಕೊಂಡು, ಬಾವನ್ನು ಇಳಿಸುವ ಸ್ಟೀರಾಯಿಡ್ ಪಂಪನ್ನು ಕಡೆಗಣಿಸುವುದು ಸರಿಯಲ್ಲವೆಂದು ೨೦೧೯ರಿಂದ ಅಂತರರಾಷ್ಟ್ರೀಯ ತಜ್ಞರ ಸಲಹೆಯಿದೆ. ಆ ಸ್ಟೀರಾಯಿಡ್ ಪಂಪಿಗೂ ಮೇಲೆ ಹೇಳಿದ ತಲೆನೋವಿನ ಔಷಧಗಳಿಗೂ ಹೇಳಿಕೊಳ್ಳುವಂಥ ವಿರೋಧವಿಲ್ಲ.

ಈಗ ಮುಚ್ಚಿಡುವ ವಿಚಾರ. ನಾನು ಗಮನಿಸಿದ ಮಟ್ಟಿಗೆ ನಮ್ಮ ಕಡೆ ಸಕ್ಕರೆ ಬೇನೆಯನ್ನು ಜನ ಒಂದು ಬಗೆಯ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಚಹಾ ಕೊಡುವಾಗ “ನನಗ ಸಕ್ರಿ ಇಲ್ದಂಗ” ಎಂದು ನಾಲ್ಕು ಜನ ಕೇಳುವಂತೆ ಅನ್ನುತ್ತಾರೆ. ದಮ್ಮನ್ನು ಮಾತ್ರ ಬಚ್ಚಿಡುತ್ತಾರೆ, ಅದರಲ್ಲಿಯೂ ಹೆಣ್ಣುಮಕ್ಕಳದ್ದನ್ನು. ಪಂಪು ಹಿಡಿದರೆ ರೋಗ ಕೈಮೀರಿತೆಂದೂ, ಅದು ಚಟವಾಗುತ್ತದೆಂದೂ, ಅಂಟುರೋಗವೆಂದೂ ಹೇಳುವವರಿದ್ದಾರೆ. ಇವು ಮೂರೂ ಸುಳ್ಳು. ಅಳತೆಯ ಔಷಧ ನೇರವಾಗಿ ಶ್ವಾಸನಾಳಕ್ಕೇ ಹೋಗುವುದರಿಂದ ಗುಳಿಗೆಗಿಂತ ಎಷ್ಟೋ ಕಡಿಮೆ ಪ್ರಮಾಣ ಸಾಕಾಗುತ್ತದೆ. ನಮ್ಮ ತರಗತಿಗಳಲ್ಲಿಯೂ ಕಿಸೆಯಲ್ಲಿ ಪಂಪಿಟ್ಟುಕೊಂಡು, ಶೌಚಾಲಯದ ಬಾಗಿಲು ಹಾಕಿಕೊಂಡು ಒತ್ತಿಕೊಳ್ಳುವ ಗೆಳೆಯ ಗೆಳತಿಯರಿದ್ದಾರೆ. ನಾಳೆ ಅವರು ತಲೆನೋವಿಗೋ ರಕ್ತದೊತ್ತಡಕ್ಕೋ ಕೈನಡುಕಕ್ಕೋ ವೈದ್ಯರಲ್ಲಿಗೆ ಹೋದಾಗ, ಪರೀಕ್ಷೆಯ ಭಯಕ್ಕೆಂದು ಯಾರೋ ಕೊಟ್ಟ ಗುಳಿಗೆ ನುಂಗುವಾಗ, ಎದುರಾಗುವುದು ಇದೇ ಪ್ರೊಪ್ರನೊಲಾಲ್ ಆಗಿರಬಹುದು. ಭಾಷಣಕ್ಕೆ, ಸಂದರ್ಶನಕ್ಕೆ ಹೋಗುವಾಗ ಎದೆ ಡವಗುಟ್ಟದಿರಲೆಂದು ಇದನ್ನು ನುಂಗುವ ರೂಢಿ ಈಗ ವಿದ್ಯಾರ್ಥಿಗಳಲ್ಲಿಯೂ ಕಾಣುತ್ತಿದೆ.

ವೈದ್ಯರ ಚೀಟಿಯಿಲ್ಲದೆ ಪ್ರೊಪ್ರನೊಲಾಲನ್ನು ಮಾರಕೂಡದೆಂದು ನಿಯಮವಿದೆ, ಸಾಲ್ಬುಟಮಾಲಿಗೂ ಅದೇ. ನಿಯಮ ಎಷ್ಟು ಪಾಲನೆಯಾಗುತ್ತದೆಂಬುದು ಓದುಗರಿಗೇ ಗೊತ್ತು. ಆದುದರಿಂದ ನಮ್ಮ ಮನೆಯಲ್ಲಿ ಈಗ ಒಂದು ಏರ್ಪಾಡು ಮಾಡಿದ್ದೇವೆ. ವೈನಿ ಬಳಸುವ ಎಲ್ಲ ಔಷಧಗಳ ಮೂಲ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು, ಮೇಲುಗಡೆ ‘ದಮ್ಮು ಇದೆ, ಪ್ರೊಪ್ರನೊಲಾಲ್ ಆಗದು’ ಎಂದು ಕೆಂಪು ಶಾಯಿಯಲ್ಲಿ ಕಾಣಿಸಿ, ಪಡಿತರ ಚೀಟಿಯ ಚೀಲದಲ್ಲಿಯೇ ಇಟ್ಟಿದ್ದೇವೆ. ಯಾವ ದವಾಖಾನೆಗೆ ಹೋದರೂ ಆ ಚೀಲ ಹೋಗಲೇಬೇಕಾದುದರಿಂದ ಹಾಳೆಯೂ ಹೋಗುತ್ತದೆ. ಬಾಯಿಬಿಟ್ಟು ಹೇಳುವ ಸಂಕೋಚವಿಲ್ಲ. ಅವಳಿಗೆ ಈಗ ಬೇರೆ ತಡೆಗುಳಿಗೆ ನಡೆದಿದೆ. ತಲೆನೋವು ಪೂರ್ತಿ ಹೋಗಿಲ್ಲ, ತಿಂಗಳಿಗೆ ಎರಡು ದಿನಕ್ಕೆ ಇಳಿದಿದೆ. ತಂಗಿಯ ಸಂಬಂಧ ಆ ಮನೆತನದೊಡನೆ ಕೂಡಿಬರಲಿಲ್ಲ. ಅದು ವರದಕ್ಷಿಣೆಯ ಮಾತಿನಲ್ಲಿ ಮುರಿಯಿತೇ ಹೊರತು ದಮ್ಮಿನ ಮಾತು ಅಲ್ಲಿಯವರೆಗೆ ಬರಲೇ ಇಲ್ಲ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಇದನ್ನು ಓದಿದ ಯಾರ ಮನೆಯಲ್ಲಿಯಾದರೂ ಹೆಸರು ‘ಲಾಲ್’ ಎಂದು ಮುಗಿಯುವ ಗುಳಿಗೆಯನ್ನು ಬಹುದಿನಗಳಿಂದ ನುಂಗುತ್ತಿರುವವರಿದ್ದರೆ, ಅವರಿಗೆ ದಮ್ಮು ಇರಲಿ ಇಲ್ಲದಿರಲಿ, ಹೆದರಿ ಇವತ್ತೇ ಅದನ್ನು ನಿಲ್ಲಿಸಬಾರದು. ಬಹುಕಾಲ ಮುಚ್ಚಿದ್ದ ಬೀಗಗಳು ಒಮ್ಮೆಲೇ ತೆರೆದುಕೊಂಡಾಗ ಎದೆಬಡಿತ ವಿಪರೀತ ಏರಿ, ಹೃದಯದ ಬೇನೆಯಿದ್ದವರಿಗೆ ಎದೆಶೂಲೆಯೇ ಬರಬಹುದು. ಉಸಿರು ಕಟ್ಟುತ್ತಿದ್ದರೆ ಆ ಗಳಿಗೆಯಲ್ಲೇ ದವಾಖಾನೆಗೆ ಹೋಗಬೇಕು. ಉಸಿರು ಸರಾಗವಾಗಿದ್ದರೆ ಗುಳಿಗೆಯ ಪಟ್ಟಿಯನ್ನೂ ಪಂಪನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಮರುದಿನ ಬೆಳಿಗ್ಗೆ ಹೋಗಿ, ಎರಡನ್ನೂ ವೈದ್ಯರ ಮೇಜಿನ ಮೇಲೆ ಇಟ್ಟು ಕೇಳಿದರೆ, ಯಾವುದನ್ನು ಎಷ್ಟು ದಿನಗಳಲ್ಲಿ ಇಳಿಸಬೇಕೆಂದು ಅವರೇ ಬರೆದುಕೊಡುತ್ತಾರೆ.